ಆಫೀಸಿನ ಅಕ್ಕನ ಒಂದು ಫೋಟೋ ಬೇಕು

ಪ್ರಿಯ ಗೆಳೆಯಾ,

ಫೋನಿನಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ. ನಮ್ಮ ವಿಭಾಗದ ಆಫೀಸಿನ ಅಕ್ಕ ಹೋಗಿಬಿಟ್ಟರು ಅಂತ ಹೇಳಿದ ಮೇಲೆ ನೀನೂ ಸುಮ್ಮನಾದೆ, ನಾನೂ ಸುಮ್ಮನಾದೆ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಹಿಂದಿನ ಬ್ಯಾಚಿನವರು, ಮುಂದಿನ ಬ್ಯಾಚಿನವರು ಎಲ್ಲ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನಗೇನೂ ಬೇಸರ ಇಲ್ಲ ಅಲ್ವಾ?

ಮೊನ್ನೆ ಹನ್ನೊಂದನೇ ದಿನದ ಕಾರ್ಯಕ್ಕೆ ಮೈಸೂರಿಗೆ ಹೋಗಿದ್ದೆ. ಬಸ್ಸಿಳಿದವನು ನೇರವಾಗಿ ಅವರ ಮನೆಗೆ ಹೋಗಲಿಲ್ಲ. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸ್ವಲ್ಪ ಹೊತ್ತು ನಿಂತೆ. 1994ರಲ್ಲಿ ನಾವಿಬ್ಬರೂ ಮೊದಲ ದಿನ ಹೀಗೇ ಅಲ್ಲಿ ನಿಂತಿದ್ದೆವು, ನೆನಪಿದೆಯಾ? ಮೈಸೂರು ಯೂನಿವರ್ಸಿಟಿಯ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅನ್ನುವುದು ಕುವೆಂಪು ಇಟ್ಟ ಹೆಸರು ಅಂತ ಪುಸ್ತಕದಲ್ಲಿ ಓದಿಕೊಂಡು ಬಂದಿದ್ದೆವು. ಆದರೆ ಅಷ್ಟು ದೊಡ್ಡ ಹೆಸರಿನ ಒಳಗೆ ಕಾಲಿಡಲು ಭಯ. ನೀನು ಕೊಳ್ಳೇಗಾಲದ ಕಡೆಯವನು, ನಾನು ಸರಗೂರಿನ ಆಚೆಯವನು. ಇಬ್ಬರ ಮನೆಯಲ್ಲೂ ಪಿಯುಸಿ ದಾಟಿದವರು ಯಾರೂ ಇರಲಿಲ್ಲ.

ಆ ಭಯ ಬಿಡಿಸಿದ್ದು ಮೇಷ್ಟ್ರುಗಳಲ್ಲ ಕಣೋ. ಆಫೀಸಿನ ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದ ಅಕ್ಕ. ಮೊದಲ ವಾರ ಮೇಡಂ ಅಂದೆವು. ಆಮೇಲೆ ಯಾವಾಗ ಅಕ್ಕ ಆದರೋ ಗೊತ್ತಾಗಲೇ ಇಲ್ಲ.

ನನ್ನ ಮೊದಲ ಅರ್ಜಿಯ ಕಥೆ ನಿನಗೆ ಪೂರ್ತಿ ಹೇಳಿಲ್ಲ ಅನಿಸುತ್ತೆ. ಸ್ಟಡಿ ಸರ್ಟಿಫಿಕೇಟ್ ಬೇಕಿತ್ತು. ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕೂತು ಒಂದೂವರೆ ಪುಟ ಬರೆದಿದ್ದೆ. 'ಬಡ ವಿದ್ಯಾರ್ಥಿಯಾದ ನಾನು ತಮ್ಮ ಪಾದಗಳಲ್ಲಿ ಬೇಡಿಕೊಳ್ಳುವುದೇನೆಂದರೆ' ಅಂತ ಶುರು. ಅಕ್ಕ ಪೂರ್ತಿ ಓದಿದರು. ಆಮೇಲೆ ಪಕ್ಕದ ಸ್ಟೂಲು ಎಳೆದು, 'ಕೂತ್ಕೋಪ್ಪಾ' ಅಂದರು. ಆಫೀಸೊಂದರಲ್ಲಿ ನನ್ನನ್ನು ಯಾರಾದರೂ ಕೂತ್ಕೋ ಅಂದಿದ್ದು ಅದೇ ಮೊದಲು.

ಪೆನ್ಸಿಲ್ ತೆಗೆದುಕೊಂಡು 'ಬಡ' ಅನ್ನುವ ಪದದ ಮೇಲೆ ಒಂದು ಗೆರೆ ಎಳೆದರು. 'ಅದನ್ನ ಆದಾಯದ ಸರ್ಟಿಫಿಕೇಟ್ ಹೇಳುತ್ತೆ. ನೀನು ಹೇಳೋದು ಬೇಡ' ಅಂದರು. 'ಪಾದಗಳಲ್ಲಿ' ಹೋಯಿತು. 'ಬೇಡಿಕೊಳ್ಳುವುದು' ಹೋಯಿತು. ಅದರ ಜಾಗದಲ್ಲಿ 'ಕೋರುತ್ತೇನೆ' ಬಂತು. 'ಇಲ್ಲಿ ಓದ್ತಾ ಇದೀಯ. ಓದ್ತಾ ಇದೀನಿ ಅಂತ ಒಂದು ಕಾಗದ ಕೇಳ್ತಾ ಇದೀಯ. ಅದಕ್ಕೆ ಯಾರ ಕಾಲಿಗೂ ಬೀಳಬೇಕಾಗಿಲ್ಲ.' ಒಂದೂವರೆ ಪುಟ ನಾಲ್ಕು ಸಾಲಾಯಿತು. ಇಂದ, ಗೆ, ಮಾನ್ಯರೆ, ವಿಷಯ. ಎಡಗಡೆ ಎಷ್ಟು ಜಾಗ ಬಿಡಬೇಕು, ಯಾಕೆ ಬಿಡಬೇಕು ಅಂತಲೂ ಹೇಳಿದರು. ಫೈಲಿಗೆ ದಾರ ಪೋಣಿಸುವಾಗ ಅಕ್ಷರ ತೂತಾಗಬಾರದಲ್ಲ.

ಆಮೇಲೆ ಆವಕದ ರಿಜಿಸ್ಟರ್ ತೆಗೆದು ನಂಬರ್, ತಾರೀಖು ಹಾಕಿದರು. ಸೀಲ್ ಒತ್ತಿ, ಅದೇ ನಂಬರನ್ನು ಒಂದು ಚೀಟಿಯಲ್ಲಿ ಬರೆದು ನನ್ನ ಕೈಗೂ ಕೊಟ್ಟರು. 'ಎಲ್ಲೇ ಅರ್ಜಿ ಕೊಟ್ಟರೂ ನಂಬರ್ ಇಸ್ಕೊಳ್ಳದೆ ಬರಬೇಡ' ಅಂದರು. ಇವತ್ತಿಗೂ ನಾನು ಪಂಚಾಯ್ತಿಗೆ ಹೋಗಲಿ, ಬ್ಯಾಂಕಿಗೆ ಹೋಗಲಿ, ನಂಬರ್ ಇಲ್ಲದೆ ಎದ್ದು ಬರುವುದಿಲ್ಲ. ನನ್ನ ಮಗಳಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ.

ಅವರ ಟೈಪ್‌ರೈಟರ್ ಸದ್ದು ನಿನಗೆ ನೆನಪಿರಲೇಬೇಕು. ಕಾರಿಡಾರಿನ ಕೊನೆಯವರೆಗೂ ಕೇಳುತ್ತಿತ್ತು. ಕನ್ನಡಕ್ಕೆ ಟೈಪ್‌ರೈಟರ್ ಕೀಲಿಮಣೆ ಮಾಡಿಕೊಟ್ಟವರು ಅನಂತಸುಬ್ಬರಾವ್ ಅಂತ ನಾನು ಮೊದಲು ಕೇಳಿದ್ದು ಅಕ್ಕನ ಬಾಯಲ್ಲೇ. ಒತ್ತಿಗೆ ಬೇರೆ ಕೀಲಿ, ದೀರ್ಘಕ್ಕೆ ಬೇರೆ ಕೀಲಿ. 'ರಾಷ್ಟ್ರ' ಅಂತ ಒಂದು ಪದ ಹೊಡೆಯಲು ಎಷ್ಟು ಸಲ ಬೆರಳು ಊರಬೇಕು ನೋಡು ಅಂತ ತೋರಿಸುತ್ತಿದ್ದರು. ಪಿಎಚ್‌ಡಿ ಮಾಡುವವರು ಹಾಳೆ ಹಿಡಿದು ಬಂದರೆ ಟೈಪ್ ಮಾಡುತ್ತಾ ಮಾಡುತ್ತಾ ಓದಿಬಿಡುತ್ತಿದ್ದರು. 'ಈ ವಾಕ್ಯ ಎರಡು ಪುಟದ ಹಿಂದೇನೂ ಬರೆದಿದ್ದೀರಲ್ಲ ಸಾರ್, ಬೇಕಾ?' ಅಂತ ಮೆಲ್ಲಗೆ ಕೇಳುತ್ತಿದ್ದರಂತೆ. ಗೈಡ್ ಹೇಳುವ ಮುಂಚೆಯೇ ತಪ್ಪು ಗೊತ್ತಾಗುತ್ತಿತ್ತು ಅಂತ ನಮ್ಮ ಸೀನಿಯರೊಬ್ಬರು ಮೊನ್ನೆ ಹೇಳಿದರು. ಕಂಪ್ಯೂಟರ್ ಬಂದ ಮೇಲೆ ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶವನ್ನೂ ಕಲಿತರು. ಎಫ್ ಒತ್ತಿದರೆ ಸಾಕು, ಒತ್ತಕ್ಷರ ತಾನೇ ಕೆಳಗೆ ಹೋಗಿ ಕೂರುತ್ತೆ ಅಂತ ಚಿಕ್ಕ ಹುಡುಗಿಯ ಹಾಗೆ ಖುಷಿಪಟ್ಟು ತೋರಿಸಿದ್ದರು. ಅದು ನಾನು ಬಹಳ ವರ್ಷಗಳ ಮೇಲೆ ಮಾರ್ಕ್ಸ್ ಕಾರ್ಡಿಗೆ ಹೋಗಿದ್ದಾಗ.

ಇನ್ನು ಪರೀಕ್ಷೆ ಫಾರಂ ವಿಷಯ. ಅದರಲ್ಲಿ ನೀನೂ ಇದ್ದೀಯ.

ಗಾಡಿಯಿಂದ ಬಿದ್ದು ಅಪ್ಪನ ಕಾಲು ಮುರಿದಿತ್ತು. ರಾಗಿ ಕೊಯ್ಲಿಗೆ ಬಂದಿತ್ತು. ನಾನು ಊರಿಗೆ ಹೋದವನು ಫಾರಂ ಕಟ್ಟುವ ಕೊನೇ ದಿನವನ್ನೇ ಮರೆತುಬಿಟ್ಟಿದ್ದೆ. ಅದರ ಹಿಂದಿನ ರಾತ್ರಿ ಒಂಬತ್ತು ಗಂಟೆಗೆ ಬ್ಯಾಟರಿ ಹಿಡಿದುಕೊಂಡು ನಮ್ಮ ಮನೆ ಜಗಲಿ ಮುಂದೆ ನೀನು ನಿಂತಿದ್ದೆ. ಸರಗೂರಿನಿಂದ ನಡೆದು ಬಂದಿದ್ದೆ. ಕೈಯಲ್ಲಿ ನನ್ನ ಫಾರಂ. ಪೂರ್ತಿ ತುಂಬಿತ್ತು. ನನ್ನ ಹೆಸರು, ಅಪ್ಪನ ಹೆಸರು, ಪೇಪರುಗಳ ಹೆಸರು, ಎಲ್ಲ ಅಕ್ಕನ ದುಂಡು ಅಕ್ಷರದಲ್ಲಿ. ಫೋಟೋ ಕೂಡ ಅಂಟಿಸಿತ್ತು. ಎಲ್ಲೆಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಸಣ್ಣ ಗುಣಾಕಾರದ ಗುರುತು. ನಿನಗೆ ಬಸ್ ಚಾರ್ಜೂ ಅವರೇ ಕೊಟ್ಟು ಕಳಿಸಿದ್ದರು. ಅಮ್ಮ ಮುದ್ದೆ, ಹುರುಳಿ ಸಾರು ಬಡಿಸಿದಳು. ಬೆಳಗಿನ ಮೊದಲ ಬಸ್ಸಿಗೆ ನೀನು ವಾಪಸ್ ಹೋದೆ. ಫೀಸನ್ನು ಅಕ್ಕನೇ ಕಟ್ಟಿದರು. ನಾನು ಅದನ್ನು ಐದು ಕಂತಿನಲ್ಲಿ ತೀರಿಸಿದೆ. ಪ್ರತಿ ಸಲ ಕೊಟ್ಟಾಗಲೂ ಡೈರಿಯ ಹಿಂದಿನ ಪುಟದಲ್ಲಿ ಬರೆದು, ನನ್ನ ಕಡೆ ತಿರುಗಿಸಿ ತೋರಿಸುತ್ತಿದ್ದರು. ಬೇಡ ಅಂತ ಒಂದು ಸಲವೂ ಅನ್ನಲಿಲ್ಲ. ಅದು ನನಗೆ ಆಗ ಎಷ್ಟು ದೊಡ್ಡದಾಗಿತ್ತು ಅಂತ ಹೇಳಲಾರೆ. ಬೇಡ ಅಂದಿದ್ದರೆ ನಾನು ಅವರ ಮುಂದೆ ಯಾವತ್ತೂ ತಲೆ ಎತ್ತುತ್ತಿರಲಿಲ್ಲ.

ನನಗೆ ಇಷ್ಟು ವರ್ಷ ಒಂದು ವಿಷಯ ಅರ್ಥವಾಗಿರಲಿಲ್ಲ. ನನ್ನ ಫೋಟೋ ಅವರಿಗೆ ಎಲ್ಲಿಂದ ಸಿಕ್ಕಿತು? ಮೊನ್ನೆ ನಮ್ಮ ಹಳೇ ಅಟೆಂಡರ್ ಸಿಕ್ಕಿದ್ದರು. ಅವರು ಹೇಳಿದರು. ಅಡ್ಮಿಷನ್ ದಿನ ಪ್ರತಿಯೊಬ್ಬರ ಹತ್ತಿರವೂ ಅಕ್ಕ ಎರಡು ಫೋಟೋ ಜಾಸ್ತಿ ಇಸಿದುಕೊಳ್ಳುತ್ತಿದ್ದರಂತೆ. ಹಿಂದೆ ಹೆಸರು ಬರೆದು, ಒಂದು ಬಿಸ್ಕತ್ತು ಡಬ್ಬಿಯಲ್ಲಿ ಹಾಕಿ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಇಡುತ್ತಿದ್ದರಂತೆ. 'ಹಳ್ಳಿ ಮಕ್ಕಳು. ಯಾವಾಗ ಊರಿಗೆ ಓಡಬೇಕಾಗುತ್ತೋ ಏನೋ' ಅನ್ನುತ್ತಿದ್ದರಂತೆ. ಅಂದರೆ ನಾನು ಮರೆಯುತ್ತೇನೆ ಅನ್ನುವುದು ನಾನು ಮರೆಯುವ ಒಂದು ವರ್ಷ ಮುಂಚೆಯೇ ಅವರಿಗೆ ಗೊತ್ತಿತ್ತು. ನಾನು ಅಟೆಂಡರ್ ಕೈ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟೆ.

ಮನೆ ತುಂಬ ಜನ ಇದ್ದರು. ಅರ್ಧಕ್ಕರ್ಧ ನಮ್ಮಂಥವರೇ. ಹೈಸ್ಕೂಲ್ ಮೇಷ್ಟ್ರುಗಳು, ಕಾಲೇಜಿನವರು, ತಾಲ್ಲೂಕು ಆಫೀಸಿನ ಒಬ್ಬರು, ಈಗ ಅಜ್ಜಿಯಾಗಿರುವ ಒಬ್ಬ ಹಳೇ ವಿದ್ಯಾರ್ಥಿನಿ. ಅಕ್ಕನ ಮಗಳು ಎಲ್ಲರಿಗೂ ಎಲೆ ಹಾಕಿಸಿ, ಒಬ್ಬೊಬ್ಬರ ಹತ್ತಿರವೂ ಬಂದು ಕೂತು ಮಾತಾಡಿಸಿದರು. ದೀಪದ ಮುಂದೆ ಇಟ್ಟಿದ್ದದ್ದು ಯಾವುದೋ ಮದುವೆಯಲ್ಲಿ ತೆಗೆದ ಫೋಟೋ. ಜರಿ ಸೀರೆ, ಜೋರು ಲೈಟು. ನಾವು ನೋಡಿದ ಅಕ್ಕನ ಮುಖವೇ ಅಲ್ಲ ಅದು. 'ಅಮ್ಮ ಆಫೀಸಿನಲ್ಲಿ ಹೇಗಿರುತ್ತಿದ್ದರು ಅನ್ನೋ ಒಂದು ಫೋಟೋನೂ ನಮ್ಮ ಹತ್ರ ಇಲ್ಲ ಅಣ್ಣ' ಅಂದರು ಮಗಳು.

1996ರ ಬೀಳ್ಕೊಡುಗೆಯ ಗ್ರೂಪ್ ಫೋಟೋ ನಿನ್ನ ಹತ್ತಿರ ಇದೆ ಅಲ್ವಾ? ನನ್ನದು ಮಳೆಗೆ ನೆನೆದು ಹಾಳಾಯಿತು. ಮೇಷ್ಟ್ರುಗಳೆಲ್ಲ ಕುರ್ಚಿಯಲ್ಲಿ ಕೂತಿದ್ದಾರೆ. ಅಕ್ಕ ಎಡಗಡೆ ಕೊನೆಯಲ್ಲಿ ನಿಂತಿದ್ದಾರೆ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು. ತೆಗೆಯಲು ಮರೆತಿದ್ದರು. ಟ್ರಂಕಿನಲ್ಲಿ, ಅಟ್ಟದ ಮೇಲೆ ಎಲ್ಲಿದ್ದರೂ ಹುಡುಕು ಮಾರಾಯ. ಸ್ಕ್ಯಾನ್ ಮಾಡಿಸಿ ಕಳಿಸು. ಇಲ್ಲಿ ದೊಡ್ಡದು ಮಾಡಿಸಿ, ಫ್ರೇಮ್ ಹಾಕಿಸಿ ನಾನೇ ಕೊಟ್ಟು ಬರುತ್ತೇನೆ. ನೀನೂ ಬರುವುದಾದರೆ ಒಂದು ಭಾನುವಾರ ನೋಡಿ ಹೇಳು. ಇಬ್ಬರೂ ಒಟ್ಟಿಗೆ ಹೋಗೋಣ.

ನಿನ್ನ ರೂಂಮೇಟ್