ಕೆರೆ ಗೋಡು

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ ಮೂರು ವಾರ ತಡವಾಗಿದೆ. ತಪ್ಪು ನನ್ನದೇ. ಡಿಸೆಂಬರ್ ಕೊನೆಗೆ ಕೋಲಾರಕ್ಕೆ ಹೋದವನು ಸಂಕ್ರಾಂತಿ ಮುಗಿಸಿಕೊಂಡೇ ಬಂದೆ. ಅವರೆಕಾಯಿ ಕಾಲದಲ್ಲಿ ಕೋಲಾರ ಬಿಟ್ಟು ಬರುವುದು ಎಷ್ಟು ಕಷ್ಟ ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳಿದರೂ ಅರ್ಥವಾಗುವುದಿಲ್ಲ.

ಈ ಪುಟದಲ್ಲಿ ಸಾಮಾನ್ಯವಾಗಿ ಯುಗಾದಿ ಕಾರ್ಯಕ್ರಮ, ಚಂದಾ ಬಾಕಿ, ಹಾಲ್ ಬುಕಿಂಗ್ ವಿಷಯ ಬರೆಯುತ್ತೇನೆ. ಈ ಸಲ ಒಬ್ಬ ನಿವೃತ್ತ ಪಾಸ್ಟರ್ ಜೊತೆ ಕಳೆದ ಮಧ್ಯಾಹ್ನದ ಬಗ್ಗೆ ಬರೆಯುತ್ತಿದ್ದೇನೆ. ನಾನು ಸಂಘಕ್ಕೆ ಸೇರಿದ ಹೊಸತರಲ್ಲಿ ಒಬ್ಬರು ಕೇಳಿದ್ದರು, "ಕ್ರಿಶ್ಚಿಯನ್ ಅಂತೀರ, ಮನೇಲಿ ಮಾತಾಡೋದು ಇಂಗ್ಲಿಷಾ?" ಅಂತ. "ಇಲ್ಲ ಸಾರ್, ಕನ್ನಡ. ಕೋಪ ಬಂದಾಗ ತೆಲುಗು" ಅಂದಿದ್ದೆ. ತಮಾಷೆಗೆ ಹೇಳಿದ್ದಲ್ಲ. ಕೋಲಾರದ ಕಡೆ ಸುಮಾರು ಮನೆಗಳಲ್ಲಿ ಹಾಗೇ.

ನಮ್ಮದು ಮೆಥೊಡಿಸ್ಟ್ ಸಭೆ, ಅಂದರೆ ಪ್ರಾಟೆಸ್ಟಂಟರ ಒಂದು ಪಂಥದ ಚರ್ಚು. ಹೊಸ ವರ್ಷದ ಹೊತ್ತಿಗೆ ಅಲ್ಲಿ ಒಡಂಬಡಿಕೆ ಆರಾಧನೆ ಅಂತ ಒಂದು ನಡೆಯುತ್ತದೆ. ಮೆಥೊಡಿಸ್ಟ್ ಪಂಥಕ್ಕೆ ಕಾರಣನಾದ ಜಾನ್ ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ್ದು. ದೀಕ್ಷಾಸ್ನಾನ ಆದವರು, ಹತ್ತಾರು ವರ್ಷದಿಂದ ಚರ್ಚಿಗೆ ಬರುತ್ತಿರುವವರು, ಎಲ್ಲರೂ ದೇವರಿಗೆ ಕೊಟ್ಟ ಮಾತನ್ನು ಮತ್ತೆ ಮೊದಲಿಂದ ಕೊಡಬೇಕು. ಆ ಪ್ರಾರ್ಥನೆಯ ಸಾರ ಹೀಗಿದೆ: ಇನ್ನು ನಾನು ನನ್ನವನಲ್ಲ, ನಿನ್ನವನು. ನನ್ನನ್ನು ದುಡಿಸಿಕೋ, ಇಲ್ಲವೇ ಪಕ್ಕಕ್ಕಿಡು. ತುಂಬಿಸು, ಇಲ್ಲವೇ ಬರಿದು ಮಾಡು. ಚಿಕ್ಕಂದಿನಿಂದ ಹೇಳುತ್ತಲೇ ಇದ್ದೇನೆ. ಹೇಳುವಾಗ ಮನಸ್ಸು ಮನೆಯ ಬಿರಿಯಾನಿ ಕಡೆಗೆ ಇರುತ್ತಿತ್ತು ಅನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ.

ಈ ಸಲ ಆರಾಧನೆ ಮುಗಿದ ಮೇಲೆ ಪಾಸ್ಟರ್ ಅಯ್ಯನವರ ಮನೆಗೆ ಹೋದೆ. ಮಹಡಿ ಮೇಲೆ ನಿಂತರೆ ಅಂತರಗಂಗೆ ಬೆಟ್ಟ ಕಾಣುತ್ತದೆ. ಅಯ್ಯನವರು, ಪಾಸ್ಟರಮ್ಮ ಇಬ್ಬರೂ ಚಾಪೆ ಮೇಲೆ ಕೂತು ಅವರೆಕಾಳು ಹಿತಕುತ್ತಿದ್ದರು. ರಾತ್ರಿ ನೆನೆಹಾಕಿದ ಕಾಳು, ಮಧ್ಯೆ ಒಂದು ಬೇಸನ್. ಹೆಬ್ಬೆರಳು ತೋರುಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಬೀಳುತ್ತದೆ. ನನ್ನ ಕೈಗೂ ಒಂದು ಬಟ್ಟಲು ಬಂತು. ಮೂವತ್ತೆಂಟು ವರ್ಷ ಪುಲ್ಪಿಟ್ ಮೇಲೆ ನಿಂತ ಮನುಷ್ಯ ಚೆಲ್ಲಿದ ಬೇಳೆ ಹುಡುಕಿಕೊಂಡು ಚಾಪೆಯ ಅಂಚಿಗೆ ಕೈ ಹಾಕುತ್ತಿದ್ದರು.

ಬರುವ ದಾರಿಯಲ್ಲಿ ನೋಡಿದ ಪೋಸ್ಟರುಗಳ ಬಗ್ಗೆ ಮಾತು ತೆಗೆದೆ. ಉಜ್ಜೀವನ ಕೂಟ (ಭಕ್ತಿಗೆ ಮರುಜೀವ ಕೊಡುವ ಪ್ರಾರ್ಥನಾ ಕೂಟ), ಮೂರು ದಿನ, ದೊಡ್ಡ ಶಾಮಿಯಾನ, ಉಪದೇಶ ಮಾಡಲು ಹೊರಗಿನಿಂದ ಬರುವ ಪ್ರಸಂಗಿಗಳ ಫೋಟೊ. "ಇದರಿಂದ ಸಭೆಗೆ ಹೊಸ ಜೀವ ಬರುತ್ತಾ ಅಯ್ಯಾ?" ಅಂದೆ.

ಅವರು ನೇರವಾಗಿ ಉತ್ತರ ಕೊಡಲಿಲ್ಲ. "ನಿಮ್ಮೂರ ಕೆರೆ ನೋಡಿದ್ಯೇನಪ್ಪಾ?" ಅಂದರು.

ನೋಡಿದ್ದೆ. ನಮ್ಮದು ನದಿ ಇಲ್ಲದ ಸೀಮೆ. ಇರುವುದೆಲ್ಲ ಕೆರೆ. ಪಾಲಾರ್ ಹುಟ್ಟುವುದು ನಮ್ಮ ಕಡೆಯೇ ಆದರೂ ಹರಿಯುವುದನ್ನು ನೋಡಿದವರು ಕಡಿಮೆ. ಬೋರ್‌ವೆಲ್ ಸಾವಿರ ಅಡಿ ದಾಟಿ ಎಷ್ಟೋ ವರ್ಷವಾಯಿತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು. ಅಲ್ಲಿಂದ ಒಂದೊಂದಾಗಿ ಕೆರೆಗಳು ತುಂಬಿದವು. ಆ ನೀರಿನ ಗುಣದ ಬಗ್ಗೆ ಜಗಳ ಇನ್ನೂ ಇದೆ, ನಾನು ಅದಕ್ಕೆ ಇಲ್ಲಿ ಕೈ ಹಾಕುವುದಿಲ್ಲ. ಆದರೆ ಬರೀ ಜಾಲಿ ಮುಳ್ಳು ನೋಡಿ ಬೆಳೆದ ನಮಗೆ ಕೆರೆಯಲ್ಲಿ ನೀರು ಕಂಡಾಗ ಗಂಟಲು ಕಟ್ಟುತ್ತದೆ.

"ನೀರು ಬಂತು, ಸರಿ" ಅಂದರು ಅಯ್ಯನವರು. "ಹೂಳು ಎತ್ತದ ಕೆರೆಗೆ ಎರಡು ಮಳೆ ಸಾಕು, ಕೋಡಿ ಹೋಗುತ್ತೆ. ಊರೆಲ್ಲಾ ಓಡಿಬಂದು ಫೋಟೊ ಹಿಡೀತಾರೆ. ಎಂಎಲ್ಎ ಬಂದು ಬಾಗಿನ ಕೊಡ್ತಾರೆ. ಫೆಬ್ರವರಿಗೆ ಹೋಗಿ ನೋಡು, ತಳ ಒಡೆದಿರುತ್ತೆ. ತುಂಬಿದ್ದೇನೋ ನಿಜ, ಹಿಡಿದಿದ್ದು ಎಷ್ಟು? ಕೂಟದಲ್ಲಿ ಜನ ಅಳ್ತಾರೆ, ಕೈ ಎತ್ತುತಾರೆ. ಅದು ಸುಳ್ಳಲ್ಲ. ನಾನೂ ಅತ್ತಿದೀನಿ. ಅದು ಕೋಡಿ."

ಹೂಳು ಅಂದರೆ ಪಾಪ ಅಂತ ನಾನು ಅಂದುಕೊಂಡೆ. ಹಾಗಂತ ಹೇಳಿಯೂಬಿಟ್ಟೆ. ಅಯ್ಯನವರು ತಲೆ ಅಲ್ಲಾಡಿಸಿದರು.

"ಹೂಳು ಎಲ್ಲಿಂದ ಬರುತ್ತೆ? ನಮ್ಮ ಹೊಲದಿಂದಾನೇ ಅಲ್ವಾ. ಮೇಲ್ಮಣ್ಣು, ಅದರಲ್ಲೂ ಒಳ್ಳೇದೇ ಮೊದಲು ಕೊಚ್ಕೊಂಡು ಬರೋದು. ನಮ್ಮ ತಾತ ಬೇಸಿಗೇಲಿ ಗಾಡಿ ಕಟ್ಟಿ ಕೆರೆ ಗೋಡು ಹೊಡೀತಿದ್ದ. ಹೊಲಕ್ಕೆ ಹಾಕಿದ್ರೆ ಮೂರು ವರ್ಷ ಗೊಬ್ಬರ ಕೇಳ್ತಿರಲಿಲ್ಲ. ಗೋಡು ಕೆಟ್ಟದ್ದಲ್ಲಪ್ಪ. ಇರಬಾರದ ಜಾಗದಲ್ಲಿ ಕೂತಿರೋ ಒಳ್ಳೇ ಮಣ್ಣು."

ಈ ಮಾತು ಇವತ್ತಿಗೂ ನನ್ನ ಬೆನ್ನು ಬಿಟ್ಟಿಲ್ಲ.

ಉದಾಹರಣೆಗೆ ಅವರು ಸುಗ್ಗಿ ಹಬ್ಬ ಹೇಳಿದರು. ಚರ್ಚಿನಲ್ಲಿ ವರ್ಷಕ್ಕೊಂದು ಸಲ ಬೆಳೆ ತಂದು ದೇವರ ಮುಂದೆ ಇಡುತ್ತಾರೆ, ಆಮೇಲೆ ಹರಾಜು. ಮೊದಲ ತೆನೆ ದೇವರಿಗೆ ಅನ್ನುವ ಭಾವನೆಯಲ್ಲಿ ಬಂದದ್ದು. ಅವರಿದ್ದ ಒಂದು ಊರಲ್ಲಿ ಇಬ್ಬರು ಹಿರಿಯರ ಹಠಕ್ಕೆ ಒಂದು ಕುಂಬಳಕಾಯಿ ಮೂರು ಸಾವಿರಕ್ಕೆ ಹೋಯಿತಂತೆ. ಗೆದ್ದವರು ಅದನ್ನು ಹೆಗಲ ಮೇಲೆ ಹೊತ್ತು ಮೆರವಣಿಗೆಯಂತೆ ಹೋದರು, ಸೋತವರು ಮುಂದಿನ ವಾರದಿಂದ ಚರ್ಚಿಗೇ ಬರಲಿಲ್ಲ. ಇನ್ನೊಂದು ಕಡೆ ಕಟ್ಟಡದ ಕಲ್ಲಿನಲ್ಲಿ ಯಾರ ಹೆಸರು ಮೊದಲು ಅಂತ ಎರಡು ವರ್ಷ ಜಗಳ. ಹಬ್ಬವೂ ಒಳ್ಳೆಯದೇ, ಕಟ್ಟಡವೂ ಒಳ್ಳೆಯದೇ. ತಳದಲ್ಲಿ ಹೋಗಿ ಕೂತುಬಿಟ್ಟಿವೆ. (ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ವೇದಿಕೆ ಮೇಲಿನ ಕುರ್ಚಿಗಳ ಬಗ್ಗೆ ನಾನು ಏನೂ ಹೇಳುತ್ತಿಲ್ಲ, ದಯವಿಟ್ಟು ಗಮನಿಸಿ.)

ಬೈಬಲ್ಲಿನ ಆದಿಕಾಂಡದಲ್ಲಿ ಇಸಾಕನ ಕಥೆ ಬರುತ್ತದೆ. ಅವನ ಅಪ್ಪ ಅಬ್ರಹಾಮ ತೋಡಿಸಿದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿರುತ್ತಾರೆ. ಇಸಾಕ ಅವನ್ನು ಮತ್ತೆ ಅಗೆಸುತ್ತಾನೆ. ಅಪ್ಪ ಇಟ್ಟ ಹೆಸರುಗಳನ್ನೇ ಮತ್ತೆ ಇಡುತ್ತಾನೆ. ಅಯ್ಯನವರು ಎಷ್ಟೋ ಪ್ರಸಂಗಗಳಲ್ಲಿ ಈ ಕಥೆ ಹೇಳಿದ್ದನ್ನು ನಾನು ಕೇಳಿದ್ದೇನೆ. ಆ ದಿನ ಒಂದು ಮಾತು ಸೇರಿಸಿದರು. "ಬೇರೆಯವರು ಮುಚ್ಚಿದ ಬಾವೀನ ತೋಡೋದು ಸುಲಭ ಕಣಪ್ಪ. ಯಾರ ಮೇಲಾದರೂ ಸಿಟ್ಟಿರುತ್ತೆ, ಗುದ್ದಲಿ ತಾನಾಗೇ ಏಳುತ್ತೆ. ನಾವೇ ತುಂಬಿಸಿದ್ದನ್ನ ತೆಗೆಯೋದು ಕಷ್ಟ."

ಇಲ್ಲಿ ನಮ್ಮ ಸಭೆಯ ಹಳೇ ಕಥೆ ಸ್ವಲ್ಪ ಹೇಳಲೇಬೇಕು. 1876ರಿಂದ 78ರವರೆಗಿನ ಧಾತು-ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದನೇ ಒಂದು ಪಾಲು ಜನ ಇಲ್ಲವಾದರು. ಆಗ ಮಿಸ್ ಆ್ಯನ್‌ಸ್ಟಿ ಎಂಬ ಇಂಗ್ಲಿಷ್ ಹೆಂಗಸು ಕೋಲಾರದಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಸಾಕಿದಳು. 1890ರಲ್ಲಿ ಆ ಅನಾಥಾಲಯವನ್ನು ಅಮೆರಿಕದ ಮೆಥೊಡಿಸ್ಟ್ ಮಿಷನ್ನಿಗೆ ಒಪ್ಪಿಸಿದಳು. ಆಮೇಲೆ ಶಾಲೆ ಬಂತು, ಇಡೀ ಜಿಲ್ಲೆಯ ಹೆರಿಗೆಗೆ ಹೆಸರಾದ ಇ.ಟಿ.ಸಿ.ಎಂ. ಆಸ್ಪತ್ರೆ ಬಂತು. ನಮ್ಮ ಮನೆಯಲ್ಲಿ ಹೇಳುವ ಪ್ರಕಾರ ಆ ಬರದ ಮಕ್ಕಳಲ್ಲಿ ಒಬ್ಬಳು ನಮ್ಮ ಅಜ್ಜಿಯ ಅಜ್ಜಿ. ಊರು ಗೊತ್ತಿಲ್ಲ, ಅಪ್ಪ ಅಮ್ಮನ ಹೆಸರು ಗೊತ್ತಿಲ್ಲ.

ಶಾಲೆಯಲ್ಲಿ ಹುಡುಗರು ನಮ್ಮನ್ನು "ಗಂಜಿಗೆ ಬಂದೋರು" ಅಂತ ಛೇಡಿಸುತ್ತಿದ್ದರು. ನಾನು ಹೊಡೆದಾಡಿದ್ದೂ ಉಂಟು. ಇದನ್ನು ಹೇಳಿದಾಗ ಅಯ್ಯನವರು ನಕ್ಕರು. "ಹೌದು, ಗಂಜಿಗೇ ಬಂದಿದ್ದು. ಅದರಲ್ಲಿ ನಾಚಿಕೆ ಏನು? ಐದು ಸಾವಿರ ಜನ ಯೇಸುಸ್ವಾಮಿ ಹತ್ರ ರೊಟ್ಟಿ ಮೀನು ತಿಂದರಲ್ಲ, ಅವರನ್ನ ಯಾರಾದರೂ ಬೈದರಾ? ಗಂಜಿಗೆ ಬಂದಿದ್ದು ಮರೆತಿದ್ದೇ ನಮ್ಮ ತಪ್ಪು. ಹಸಿದೋರು ಈಗ ನಮ್ಮ ಗೇಟ್ ಹತ್ರ ನಿಂತರೆ ವಾಚ್‌ಮನ್ ಕಳಿಸ್ತೀವಿ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬೇಳೆ ಬೇಸನ್ನಿಗೆ ಬೀಳುವ ಸದ್ದು ಮಾತ್ರ.

ಆಮೇಲೆ ಅವರು ತಮ್ಮದೇ ವಿಷಯ ಹೇಳಿದರು. ನಾನು ಕೇಳಿರಲಿಲ್ಲ. ನಿವೃತ್ತಿ ಆದ ಮೊದಲ ವರ್ಷ ಅವರಿಗೆ ಪ್ರಾರ್ಥನೆ ಮಾಡಲು ಆಗಲೇ ಇಲ್ಲವಂತೆ. ಬೆಳಿಗ್ಗೆ ಐದಕ್ಕೆ ಎದ್ದು ಮೊಣಕಾಲೂರಿದರೆ ಬಾಯಿಗೆ ಬರುತ್ತಿದ್ದದ್ದು ಭಾನುವಾರದ ಮಾತುಗಳೇ. "ಸರ್ವಶಕ್ತನೂ ಕೃಪಾಪೂರ್ಣನೂ ಆದ ಕರ್ತನೇ" ಅಂತ ಶುರುವಾಗುತ್ತಿತ್ತು. ಮಾನಸಾಂತರ, ನೀತೀಕರಣ, ಪರಿಶುದ್ಧೀಕರಣ, ಉಪದೇಶದ ದೊಡ್ಡ ಪದಗಳೆಲ್ಲಾ ಸಾಲಾಗಿ ಬರುತ್ತಿದ್ದವು. ಎದುರಿಗೆ ಸಭೆ ಇಲ್ಲ, ಮೈಕ್ ಇಲ್ಲ. ಆದರೂ ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರುತ್ತಿತ್ತು. "ನನ್ನ ದನಿ ನಾನೇ ಕೇಳ್ಕೊಂಡು ಕೂತಿದ್ದೆ. ಆಮೆನ್ ಅನ್ನೋರು ಯಾರೂ ಇಲ್ಲ ಅಂತ ಬೇಜಾರು ಬೇರೆ."

ಆ ಮಾತುಗಳು ಕೆಟ್ಟವಲ್ಲ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲಿಗೆ ಕೈ ಹಾಕಿದ ಕಾಲದಿಂದ ಒಂದೊಂದೇ ಪದ ಹುಡುಕಿ, ತೂಗಿ, ತಿದ್ದಿ ಕಟ್ಟಿದ ಭಾಷೆ ಅದು. ನಿಘಂಟಿನಿಂದ ನಮಗೆಲ್ಲ ಗೊತ್ತಿರುವ ಕಿಟೆಲ್ ಕೂಡ 1862ರಲ್ಲಿ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಹಾಡಾಗಿ ಬರೆದ. ಎಷ್ಟು ತಲೆಮಾರಿನ ಮೇಲ್ಮಣ್ಣು! ಆದರೆ ಅಯ್ಯನವರ ಕೆರೆಯಲ್ಲಿ ಅದೇ ಹೂಳಾಗಿತ್ತು.

ಒಂದು ರಾತ್ರಿ ಪಾಸ್ಟರಮ್ಮನಿಗೆ ಎದೆನೋವು ಬಂತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಅಯ್ಯನವರ ಬಾಯಿಂದ ಬಂದದ್ದು ಒಂದೇ ಪದ, "ನಾಯನಾ". ತೆಲುಗಿನಲ್ಲಿ ಅಪ್ಪಾ ಅಂತ. ಅವರ ತಾಯಿ ಓದು ಬರೆಹ ಬಾರದವರು. ಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ "ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು" ಅಂತ ಒಂದು ಸಾಲು ಇದೆ. ಆಕೆಗೆ ಅದು ಬಾಯಿಗೆ ಬರುತ್ತಿರಲಿಲ್ಲ. ಒಲೆ ಮುಂದೆ ನಿಂತು "ಈ ಪೂಟ ಮುದ್ದ ಇಯ್ಯಿ ನಾಯನಾ" ಅನ್ನುತ್ತಿದ್ದಳಂತೆ. ಈ ಹೊತ್ತಿನ ಮುದ್ದೆ ಕೊಡಪ್ಪಾ. ಹುಡುಗ ಅಯ್ಯನವರು ಅದನ್ನು ತಿದ್ದುತ್ತಿದ್ದರು. ಸೆಮಿನರಿಗೆ ಹೋಗಿ ಬಂದ ಮೇಲಂತೂ ಜಾಸ್ತಿ ತಿದ್ದಿದರು.

"ನಾನು ಗ್ರೀಕ್ ಓದಿದೀನಿ" ಅಂದರು. "ಹೊಸ ಒಡಂಬಡಿಕೇಲಿ ಮೂರು ಕಡೆ ಅಬ್ಬಾ ಅನ್ನೋ ಅರಾಮಿಕ್ ಪದ ಹಂಗೇ ಉಳಿಸಿದಾರೆ. ಯೇಸು ಗೆತ್ಸೆಮನೆ ತೋಟದಲ್ಲಿ ಬೆವರಿಳಿಸ್ತಾ ಕೂಗಿದ್ದು ಅದನ್ನೇ. ಕನ್ನಡದಲ್ಲಿ 'ಅಪ್ಪಾ, ತಂದೆಯೇ' ಅಂತ ಹಾಕಿದಾರೆ. ಇದರ ಮೇಲೆ ಎಷ್ಟು ಪ್ರಸಂಗ ಮಾಡಿದೀನಿ ಗೊತ್ತಾ? ನಮ್ಮಮ್ಮ ದಿನಾ ಹೇಳ್ತಿದ್ದದ್ದೂ ಅದೇ ಅಂತ ಆ ಬೆಂಚಿನ ಮೇಲೆ ಹೊಳೀತು."

ಪಾಸ್ಟರಮ್ಮ ತಲೆ ಎತ್ತದೆ, "ಗ್ಯಾಸ್ಟ್ರಿಕ್ಕು ಅಂದ್ರು ಡಾಕ್ಟ್ರು" ಅಂದರು. "ಅಷ್ಟಕ್ಕೇ ಇವರಿಗೆ ಇಷ್ಟೆಲ್ಲಾ ಹೊಳೆದಿದ್ದು."

ವಾಪಸ್ ಬಂದ ಮೇಲೆ ನಾನು ಈ ಪುಟಕ್ಕೆ ಬರೆದ ಹಳೇ ಸಂಪಾದಕೀಯಗಳನ್ನು ತೆಗೆದು ಓದಿದೆ. ನಾಡು-ನುಡಿ, ತಾಯ್ನೆಲದ ಕಂಪು, ಕಡಲಾಚೆಯ ಕನ್ನಡ ಕಂದರು. ಪ್ರತಿ ನವೆಂಬರಿಗೂ ಅದೇ ಸಾಲುಗಳು, ಅದದೇ ಜಾಗದಲ್ಲಿ ಏರುವ ದನಿ. ನನ್ನ ಮಗಳಿಗೆ ಒಂದನ್ನು ಓದಿ ಹೇಳಿದೆ. ಅವಳು "ಇದನ್ನ ಯಾರಿಗೆ ಹೇಳ್ತಿದೀಯ ಅಪ್ಪಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ದಿನ ಊಟಕ್ಕೆ ಅಲ್ಲೇ ಉಳಿದೆ. ರಾಗಿ ಮುದ್ದೆ, ಹಿತಕಿದ ಬೇಳೆ ಸಾರು. ಊಟದ ಪ್ರಾರ್ಥನೆ ಅಂದರೆ ನಮ್ಮ ಕಾಲದಲ್ಲಿ ಅಯ್ಯನವರದು ಹೆಸರುವಾಸಿ. ಸಾರು ತಣ್ಣಗಾಗುವವರೆಗೆ ನಡೆಯುತ್ತಿತ್ತು, ಮಕ್ಕಳು ಒಂದು ಕಣ್ಣು ತೆರೆದು ಹಪ್ಪಳ ಎಣಿಸುತ್ತಿದ್ದೆವು. ಅದೇ ಲೆಕ್ಕದಲ್ಲಿ ನಾನು ಕಾಲು ಮಡಚಿ ಸರಿಯಾಗಿ ಕೂತು, ತಲೆ ಬಗ್ಗಿಸಿ, ಇನ್ನೂ ಕಣ್ಣು ಮುಚ್ಚುತ್ತಿದ್ದೆ. ಅಷ್ಟರಲ್ಲಿ ಮುಗಿದೇ ಹೋಗಿತ್ತು. ಪಾಸ್ಟರಮ್ಮ ಆಗಲೇ ಸಾರಿನ ಸೌಟು ಹಿಡಿದು ನನ್ನ ತಟ್ಟೆಯ ಹತ್ತಿರ ಬಂದಿದ್ದರು.