ಸಮಯ ಇದೆ, ಜೊತೆ ಇದೆ, ಜಾಗ ಬೇಕು: ಸೂಫಿ ಬೈಠಕ್‌ಗೆ ದೇಣಿಗೆ ಮನವಿ

ಆತ್ಮೀಯರೇ,

ಸುತ್ತಿ ಬಳಸಿ ಮಾತಾಡುವುದು ಬೇಡ. ಇದು ದೇಣಿಗೆ ಕೇಳುವ ಪತ್ರ. ನಮ್ಮ ಟ್ರಸ್ಟ್ ವಾರಕ್ಕೊಮ್ಮೆ ನಡೆಸುವ ಸೂಫಿ ಬೈಠಕ್‌ಗೆ ಸ್ವಂತದ್ದೊಂದು ಜಾಗ ಬೇಕಾಗಿದೆ. ಈಗ ಕೂರುತ್ತಿರುವುದು ಬೇರೆಯವರ ಹಾಲ್‌ನಲ್ಲಿ. ಅವರು ಪ್ರೀತಿಯಿಂದಲೇ ಕೊಟ್ಟಿದ್ದಾರೆ. ಆದರೆ ಅಲ್ಲಿ ಬೇರೆ ಕಾರ್ಯಕ್ರಮ ಇದ್ದ ವಾರ ನಮಗೆ ಜಾಗ ಇಲ್ಲ, ಜಾಗ ಸಿಕ್ಕ ವಾರವೂ ಜಿಕ್ರ್, ಅಂದರೆ ದೇವರ ನಾಮಸ್ಮರಣೆ, ಅರ್ಧಕ್ಕೆ ಬಂದಾಗ ಹೊರಗೆ ಕುರ್ಚಿ ಎಳೆಯುವ ಸದ್ದು ಶುರುವಾಗುತ್ತದೆ.

ಬಾಗ್ದಾದಿನ ದೊಡ್ಡ ಸೂಫಿ ಗುರು ಜುನೈದ್ ಅವರು ತೀರಿಕೊಂಡದ್ದು 910ರಲ್ಲಿ. ಸಮಾಕ್ಕೆ ಕೂರಬೇಕಾದರೆ, ಅಂದರೆ ದೇವರ ಪ್ರೇಮದ ಹಾಡು ಕೇಳಲು ಕೂರಬೇಕಾದರೆ ಮೂರು ಬೇಕು ಅಂತ ಅವರು ಹೇಳಿದ್ದರಂತೆ: ಸರಿಯಾದ ಸಮಯ, ಸರಿಯಾದ ಜಾಗ, ಸರಿಯಾದ ಜೊತೆಗಾರರು. ಸಮಯವನ್ನು ಜನ ಹೇಗೋ ಹೊಂದಿಸಿಕೊಂಡು ಬರುತ್ತಿದ್ದಾರೆ. ಜೊತೆಯೂ ಸಿಕ್ಕಿದೆ. ಉಳಿದದ್ದು ಜಾಗ.

ಬರುವವರು ಯಾರು ಅಂತ ಕೇಳುತ್ತೀರಿ. ಆಫೀಸ್ ಮುಗಿದರೂ ತಲೆಯೊಳಗೆ ಆಫೀಸ್ ಮುಗಿಯದವರು. ಮಲಗುವಾಗ ಕೊನೆಗೆ ಕೆಳಗಿಡುವುದು ಫೋನ್, ಎದ್ದ ಕೂಡಲೇ ಕೈ ಹೋಗುವುದೂ ಅಲ್ಲಿಗೇ. ಇನ್ನೊಬ್ಬರ ಬಡ್ತಿ, ಇನ್ನೊಬ್ಬರ ಮನೆ, ಇನ್ನೊಬ್ಬರ ಮಕ್ಕಳ ಮಾರ್ಕ್ಸ್ ನೋಡಿ ನೋಡಿ ಒಳಗೊಳಗೇ ಕುದಿಯುವುದು, ಎಲ್ಲಾ ಇದ್ದರೂ ಏನೋ ಇಲ್ಲ ಅನ್ನಿಸುವುದು, ಎಲ್ಲಾ ಬಿಟ್ಟು ಎಲ್ಲಿಗಾದರೂ ಹೋಗಿಬಿಡೋಣ ಅನ್ನಿಸುವುದು. ಇದು ನಮ್ಮೆಲ್ಲರ ಪಾಡೇ, ಅಲ್ವಾ?

ಸೂಫಿಗಳಲ್ಲಿ ಬಹಳ ಜನ ಬಿಟ್ಟು ಹೋಗು ಅನ್ನಲಿಲ್ಲ. ಇದೇ ನಮ್ಮನ್ನು ಈ ದಾರಿಗೆ ಎಳೆದದ್ದು. 14ನೇ ಶತಮಾನದಲ್ಲಿ ಮಧ್ಯ ಏಷ್ಯಾದ ಬುಖಾರಾದಲ್ಲಿದ್ದ ಬಹಾಉದ್ದೀನ್ ನಕ್ಷಬಂದ್ ಅವರ ಹೆಸರಿನ ಸೂಫಿ ಪಂಥದಲ್ಲಿ ಕೆಲವು ನಿಯಮಗಳಿವೆ. ಪ್ರತಿ ಉಸಿರಿನಲ್ಲೂ ಎಚ್ಚರ ಇರಲಿ. ನಡೆಯುವಾಗ ಕಣ್ಣು ನಿನ್ನ ಹೆಜ್ಜೆಯ ಮೇಲಿರಲಿ. ಜನರ ನಡುವೆ ಇದ್ದೂ ಒಳಗೆ ಏಕಾಂತದಲ್ಲಿರು. ಕೈ ಕೆಲಸದಲ್ಲಿರಲಿ, ಹೃದಯ ಗೆಳೆಯನ ಹತ್ತಿರ ಇರಲಿ. ಗೆಳೆಯ ಅಂದರೆ ಇಲ್ಲಿ ದೇವರು. ಕಂಡಕಂಡದ್ದಕ್ಕೆಲ್ಲ ಕಣ್ಣು ಹರಿದರೆ ಮನಸ್ಸೂ ಅದರ ಹಿಂದೆ ಹರಿದು ಹೋಗುತ್ತದೆ ಅಂತ ಆ ಗುರುಗಳಿಗೆ ಅವತ್ತೇ ಗೊತ್ತಿತ್ತು. ದಿನವಿಡೀ ಫೋನ್ ಪರದೆ ಉಜ್ಜುವ ನಮಗೆ ಇದಕ್ಕಿಂತ ಹತ್ತಿರದ ಮಾತು ಇನ್ನೇನಿದೆ?

ಜುನೈದರ ಸೋದರಮಾವ ಸರೀ ಸಕತೀ ಅವರು ಬಾಗ್ದಾದಿನ ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದವರು, ಜುನೈದರಿಗೆ ಗುರುವೂ ಅವರೇ. ಒಮ್ಮೆ ಪೇಟೆಗೆ ಬೆಂಕಿ ಬಿತ್ತು. ಯಾರೋ ಓಡಿ ಬಂದು ನಿಮ್ಮ ಅಂಗಡಿ ಉಳಿದಿದೆ ಅಂದರು. ಸರೀ ಬಾಯಲ್ಲಿ ತಟ್ಟನೆ 'ಅಲ್ಹಮ್ದುಲಿಲ್ಲಾಹ್' ಬಂತು, ದೇವರು ದೊಡ್ಡವನು ಅಂತ ನಾವು ಅನ್ನುವ ಹಾಗೆ. ಮರುಕ್ಷಣ ಎದೆ ಧಸಕ್ಕೆಂದಿತು. ಸುತ್ತಲಿನವರ ಅಂಗಡಿ ಸುಟ್ಟು ಬೂದಿಯಾಗಿದೆ, ನಾನು ನನ್ನದು ಉಳಿಯಿತಲ್ಲ ಅಂತ ಖುಷಿಪಟ್ಟೆ! ಆ ಒಂದು ಮಾತಿಗಾಗಿ 30 ವರ್ಷ ದೇವರ ಕ್ಷಮೆ ಕೇಳುತ್ತಿದ್ದೇನೆ ಅಂತ ಅವರು ಹೇಳುತ್ತಿದ್ದರಂತೆ. ಬೈಠಕ್‌ನಲ್ಲಿ ಈ ಕಥೆ ಹೇಳಿದ ದಿನ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಪಕ್ಕದವರ ಕೆಲಸ ಹೋಗಿ ನಮ್ಮದು ಉಳಿದಾಗ ನಾವೆಲ್ಲ ಒಳಗೇ ಆ ಮಾತು ಅಂದವರೇ. ದೇವರ ಪ್ರೇಮ ಅಂದರೆ ಸುಮ್ನೆ ಕಣ್ಣು ಮುಚ್ಚಿ ಹಾಯಾಗಿರುವುದು ಅಂತ ಜನ ತಿಳಿಯುತ್ತಾರೆ. ಆದರೆ ಆ ಪ್ರೇಮ ಮೊದಲು ಮಾಡುವ ಕೆಲಸ ಇದು: ನನ್ನದು, ನನಗೆ, ನಾನು ಅನ್ನುವುದನ್ನು ಹಿಡಿದು ಅಲ್ಲಾಡಿಸುತ್ತದೆ.

8ನೇ ಶತಮಾನದ ಬಸ್ರಾದ ಸೂಫಿ ಸಂತೆ ರಾಬಿಯಾ ಒಂದು ಕೈಯಲ್ಲಿ ಬೆಂಕಿ, ಇನ್ನೊಂದರಲ್ಲಿ ನೀರು ಹಿಡಿದು ಬೀದಿಯಲ್ಲಿ ಹೊರಟ ಕಥೆ ನೀವೂ ಕೇಳಿರಬಹುದು. ಸ್ವರ್ಗಕ್ಕೆ ಬೆಂಕಿ ಇಡುತ್ತೇನೆ, ನರಕವನ್ನು ಆರಿಸುತ್ತೇನೆ, ಆಗಲಾದರೂ ಜನ ಆಸೆ ಭಯ ಇಲ್ಲದೆ ದೇವರನ್ನು ಪ್ರೀತಿಸಲಿ ಅಂದರಂತೆ. ಏನು ಮಾಡಿದರೂ ನನಗೇನು ಸಿಗುತ್ತದೆ ಅಂತ ಲೆಕ್ಕ ಹಾಕುವ ಕಾಲದಲ್ಲಿ ಆ ತಾಯಿಯ ಧೈರ್ಯ ನೋಡಿ.

ಇದನ್ನೆಲ್ಲ ಮನೆಯಲ್ಲೇ ಓದಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಓದಿ, ಖಂಡಿತ ಓದಿ. ಆದರೆ ಸೂಫಿ ದಾರಿಯಲ್ಲಿ ಸೊಹಬತ್, ಅಂದರೆ ಒಳ್ಳೆಯವರ ಜೊತೆ ಕೂರುವುದು, ಅರ್ಧ ಸಾಧನೆ ಅಂತಲೇ ನಮ್ಮ ಅನುಭವ. ಬೈಠಕ್ ಹೇಗಿರುತ್ತದೆ ಹೇಳುತ್ತೇವೆ. ಫೋನ್‌ಗಳೆಲ್ಲ ಬಾಗಿಲ ಹತ್ತಿರದ ಬುಟ್ಟಿಗೆ. ಎಲ್ಲರೂ ನೆಲದ ಮೇಲೆ ವೃತ್ತವಾಗಿ ಕೂರುತ್ತಾರೆ. ಮೊದಲು ಚಡಪಡಿಕೆ ಇರುತ್ತದೆ, ಕೈ ಜೇಬಿಗೆ ಹೋಗಿ ಬರುತ್ತದೆ. ಆಮೇಲೆ ಜಿಕ್ರ್. 'ಲಾ ಇಲಾಹ' (ಬೇರೆ ದೇವರಿಲ್ಲ) ಅನ್ನುತ್ತಾ ತಲೆ ಬಲಕ್ಕೆ ವಾಲುತ್ತದೆ, 'ಇಲ್ಲಲ್ಲಾಹ್' (ಅಲ್ಲಾಹನ ಹೊರತು) ಅನ್ನುತ್ತಾ ಎಡಕ್ಕೆ, ಎದೆಯ ಮೇಲೆ ಬೀಳುತ್ತದೆ. ನಿಧಾನವಾಗಿ ಎಲ್ಲರ ಉಸಿರೂ ಒಂದೇ ಲಯಕ್ಕೆ ಬರುತ್ತದೆ. ಬೇರೆ ಧರ್ಮದವರು ತಮ್ಮ ದೇವರ ಹೆಸರು ನೆನೆಯುತ್ತಾ ಸುಮ್ಮನೆ ಕೂತಿರುತ್ತಾರೆ, ಅವರನ್ನು ಯಾರೂ ಏನೂ ಕೇಳುವುದಿಲ್ಲ. ಕೊನೆಗೆ ಹಾಡು. ಗೋವಿಂದ ಭಟ್ಟರ ಶಿಷ್ಯರಾದ ಶಿಶುನಾಳ ಷರೀಫರು ಇದೇ ಪ್ರೇಮವನ್ನು ನಮ್ಮ ಮಾತಿನಲ್ಲೇ ಹಾಡಿ ಹೋಗಿದ್ದಾರೆ, ಹಾಗಾಗಿ ತತ್ವಪದಗಳೂ ಇರುತ್ತವೆ. ಹಾಡು ಮುಗಿದ ಮೇಲೆ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂರುತ್ತಾರೆ. ಯಾರು ದೊಡ್ಡವರು, ಯಾರು ಚಿಕ್ಕವರು ಅನ್ನುವುದು ಆ ಸಾಲಿನಲ್ಲಿ ಇಲ್ಲ.

ನಮಗೆ ಬೇಕಾದದ್ದು ದೊಡ್ಡ ಕಟ್ಟಡ ಅಲ್ಲ. ಗಾಳಿ ಬೆಳಕು ಇರುವ ಒಂದು ಹಾಲ್, ಹೆಂಗಸರು ನಿರಾಳವಾಗಿ ಕೂರುವಷ್ಟು ಜಾಗ, ಕೈಕಾಲು ತೊಳೆಯಲು ನಲ್ಲಿ, ಅಡುಗೆಗೊಂದು ಕೋಣೆ, ಪುಸ್ತಕಕ್ಕೆ ಕಪಾಟು, ನೆಲಕ್ಕೆ ಜಮಖಾನೆ. ವಾರದ ನಡುವೆ ಯಾರಿಗಾದರೂ ತಡೆಯಲಾರದಷ್ಟು ಬೇಸರವಾದರೆ ಬಂದು ಕೂರಲು ಆ ಬಾಗಿಲು ತೆರೆದಿರಬೇಕು. ಇದು ನಮ್ಮ ಬಹಳ ದಿನದ ಆಸೆ.

ಒಂದು ಮಾತು. ಚಿಶ್ತಿ ಅನ್ನುವ ಸೂಫಿ ಪಂಥದ ಹಳೆಯ ಗುರುಗಳು ಕೇಳದೆ ಬಂದದ್ದರಲ್ಲೇ ಬದುಕಿದವರು. ದೆಹಲಿಯ ನಿಜಾಮುದ್ದೀನ್ ಔಲಿಯಾ (1238–1325) ತಮಗೆ ಬಂದ ಕಾಣಿಕೆಯನ್ನು ಕೂಡಿಡದೆ ಹಂಚಿಬಿಡುತ್ತಿದ್ದರು. ಆ ಎತ್ತರ ನಮ್ಮದಲ್ಲ, ನಾವು ಕೇಳುತ್ತಿದ್ದೇವೆ. ಆದರೆ ಕೂಡಿಡುವುದಿಲ್ಲ ಅನ್ನುವ ಮಾತು ಕೊಡುತ್ತೇವೆ. ಬಂದದ್ದು ಈ ಜಾಗಕ್ಕೆ ಮತ್ತು ಊಟಕ್ಕೆ ಮಾತ್ರ. ಜಮಾ ಖರ್ಚಿನ ಲೆಕ್ಕ ಪ್ರತಿ ತಿಂಗಳು ಬೈಠಕ್‌ನಲ್ಲಿ ಎಲ್ಲರೆದುರು ಓದುತ್ತೇವೆ, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದಿಲ್ಲ, ಇದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ತೀರಿಹೋದ ನಿಮ್ಮವರ ಹೆಸರು ಹೇಳಿದರೆ ಅವರಿಗಾಗಿ ದುವಾ, ಅಂದರೆ ಪ್ರಾರ್ಥನೆ, ಮಾಡುತ್ತೇವೆ.

ಮೊತ್ತ ಎಷ್ಟಾದರೂ ಸರಿ. ಸಾಲ ಮಾಡಿ ಕೊಡಬೇಡಿ, ಮನೆಯಲ್ಲಿ ಕೇಳದೆ ಕೊಡಬೇಡಿ. ಹಣ ಆಗದಿದ್ದರೆ ಗಾರೆ ಕೆಲಸ, ವೈರಿಂಗ್, ಬಡಗಿ ಕೆಲಸ ಬಲ್ಲವರು ಒಂದೆರಡು ದಿನ ಕೈಜೋಡಿಸಿ. ಒಳ್ಳೆಯ ಸ್ಥಿತಿಯಲ್ಲಿರುವ ಜಮಖಾನೆ, ದೊಡ್ಡ ಪಾತ್ರೆ, ಪುಸ್ತಕ ಇದ್ದರೂ ಆಗುತ್ತದೆ. ಕೊಡುವ ಮೊದಲು ಒಂದು ಸಲ ಬೈಠಕ್‌ಗೆ ಬಂದು ಕೂತು ನೋಡಿ, ಆಮೇಲೆ ತೀರ್ಮಾನ ಮಾಡಿ. ಹಣವನ್ನು ಟ್ರಸ್ಟ್‌ನ ಖಾತೆಗೆ ಹಾಕಿ ಅಥವಾ ಬೈಠಕ್ ದಿನ ಖಜಾಂಚಿಯವರ ಕೈಗೇ ಕೊಡಿ, ರಸೀದಿಯನ್ನು ಮಾತ್ರ ಮರೆಯದೆ ಕೇಳಿ ಪಡೆಯಿರಿ.