ಡೋರ್ಕಸ್ ಇನ್ನೂ ಉಂಟು

ಪ್ರಿಯ ಬಂಗುಡೆ,

(ಈ ಹೆಸರು ನಿನಗೆ ಹೇಗೆ ಬಂತು ಎಂದು ಇಲ್ಲಿ ಯಾರಿಗೂ ಹೇಳುವುದಿಲ್ಲ, ಹೆದರಬೇಡ. ಓದುವವರು ಬೇಕಾದರೆ ಊಹಿಸಿಕೊಳ್ಳಲಿ. ಮೀನಿಗೂ ಅದಕ್ಕೂ ಸಂಬಂಧ ಇಲ್ಲ ಎಂದಷ್ಟೇ ಹೇಳುತ್ತೇನೆ.)

ಎಂತ ಮಾರಾಯ, ಹೇಗಿದ್ದೀ? ಮಸ್ಕತ್ತಿನಲ್ಲಿ ಬಿಸಿಲು ಎಷ್ಟುಂಟು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕಾರಿನ ಮೀಟರಿನ ಫೋಟೋ ಕಳಿಸುತ್ತೀ. ಇಲ್ಲಿ ಐದು ದಿನದಿಂದ ಮಳೆ ಬಿಟ್ಟಿಲ್ಲ. ಬಟ್ಟೆ ಒಣಗುವುದಿಲ್ಲ, ಹಪ್ಪಳ ಮೆತ್ತಗಾಗಿದೆ, ಬಾಗಿಲು ಉಬ್ಬಿ ಚಿಲಕ ಬೀಳುತ್ತಿಲ್ಲ. ಇವತ್ತು ಬೆಳಿಗ್ಗೆ ಆರಕ್ಕೇ ಮಗಳು ನನ್ನ ಫೋನ್ ಹಿಡಿದು ಕೂತಿದ್ದಳು, ಜಿಲ್ಲಾಧಿಕಾರಿ ರಜೆ ಕೊಟ್ಟರಾ ಇಲ್ವಾ ಎಂದು ನೋಡಲಿಕ್ಕೆ. ಕೊಟ್ಟರು. ನಮಗೆ ಇಂಥ ಭಾಗ್ಯ ಎಲ್ಲಿತ್ತು? ಪ್ರಿನ್ಸಿಪಾಲರ ಕೊಡೆ ಹಾರಿದ ದಿನ ಒಂದನ್ನು ಬಿಟ್ಟರೆ.

ಅವಳಿಗೆ ರಜೆ, ನನಗೆ ಮನೆಯಿಂದಲೇ ಕೆಲಸ. ಅಂದರೆ ನನಗೂ ಮುಕ್ಕಾಲು ರಜೆ. ನಮ್ಮ ಮ್ಯಾನೇಜರಿಗೆ ಕನ್ನಡ ಓದಲು ಬರುವುದಿಲ್ಲ, ಅದಕ್ಕೇ ಇಷ್ಟು ಧೈರ್ಯ.

ಸುದ್ದಿ ಏನೆಂದರೆ, ನಾನು ಈ ವಾರ ಮತ್ತೆ ಫೈರ್ ಎಂಬ್ಲೆಮ್ ಎಂಬ ನಮ್ಮ ಹಳೆಯ ವಿಡಿಯೋ ಗೇಮ್ ಶುರು ಮಾಡಿದ್ದೇನೆ. ನಗಬೇಡ. ನಮ್ಮದು 2003ರದ್ದು, ಜಪಾನಿನ ಹೊರಗೆ ಬಂದ ಮೊದಲನೆಯದು. ಈಗ ನಾನು ಆಡುತ್ತಿರುವುದು ತ್ರೀ ಹೌಸಸ್, 2019ರದ್ದು. ಭಾವ ದುಬೈಯಿಂದ ಬರುವಾಗ ಸ್ವಿಚ್ ಎಂಬ ಗೇಮ್ ಆಡುವ ಯಂತ್ರ ತಂದುಕೊಟ್ಟರು, ಮಗಳಿಗೆ ಎಂದು. ಮಗಳು ಎರಡು ದಿನ ಕಾರು ಓಡಿಸಿ ಬಿಟ್ಟಳು. ಆಮೇಲೆ ಅದು ಯಾರ ಪಾಲಿಗೆ ಬಂತು ಎಂದು ಬೇರೆ ಹೇಳಬೇಕಾ?

ಆಟ ಗೊತ್ತಿಲ್ಲದವರಿಗೆ ಒಂದು ಮಾತು. ಇದು ಚದುರಂಗದ ಹಾಗೆ. ಮನೆ ಮನೆಯಾಗಿ ನಡೆಸಬೇಕು. ನಮ್ಮ ಸರದಿ, ಆಮೇಲೆ ಅವರ ಸರದಿ. ಕತ್ತಿ ಕೊಡಲಿಯನ್ನು ಗೆಲ್ಲುತ್ತದೆ, ಕೊಡಲಿ ಈಟಿಯನ್ನು, ಈಟಿ ಕತ್ತಿಯನ್ನು. ಆದರೆ ಇಲ್ಲಿ ಕಾಲಾಳಿಗೂ ಒಂದು ಹೆಸರುಂಟು. ಅವನಿಗೊಬ್ಬಳು ಹೆಂಡತಿ ಇದ್ದಾಳೆ. ಹೆಂಡತಿಗೆ ಕಾಲಿನ ತೊಂದರೆ, ಅದರ ಮದ್ದಿನ ದುಡ್ಡಿಗಾಗಿ ಅವನು ಕೊಡಲಿ ಹಿಡಿದು ಹೊರಟಿದ್ದಾನೆ. ಅಂಥವನು ಸತ್ತರೆ ಸತ್ತ ಹಾಗೇ. ಮುಂದಿನ ಯುದ್ಧಕ್ಕೆ ಅವನಿಲ್ಲ. 1990ರಲ್ಲಿ ಜಪಾನಿನಲ್ಲಿ ಬಂದ ಮೊದಲ ಆಟದಿಂದಲೂ ನಿಯಮ ಇದೇ.

ಹೌದು ಮಾರಾಯ, ಡೋರ್ಕಸ್. ನಿನಗೆ ನೆನಪಿಲ್ಲದೆ ಉಂಟಾ?

ಮಂಗಳೂರಿನ ಬೋಳಾರದ ನಿಮ್ಮ ಮನೆ. ಅಟ್ಟಕ್ಕೆ ಹೋಗುವ ಮೆಟ್ಟಿಲ ಕೆಳಗೆ ಆ ಹಂದಿಯಷ್ಟು ದೊಡ್ಡ ಮಾನಿಟರ್. ಕರೆಂಟು ಹೋದರೆ ಐದೇ ನಿಮಿಷ ಕೀಂಯ್ ಎನ್ನುವ ಯುಪಿಎಸ್. ಕೀಬೋರ್ಡ್ ನನ್ನ ಕೈಯಲ್ಲಿತ್ತು, ಒಪ್ಪುತ್ತೇನೆ. ಕತ್ತಿಯವನ ಎದುರು ಕೊಡಲಿಯವನನ್ನು ನಿಲ್ಲಿಸಿದ್ದು ನಾನೇ. ಪೆಟ್ಟು ತಾಗುವ ಸಾಧ್ಯತೆ ನೂರಕ್ಕೆ 30 ಎಂದು ತೋರಿಸುತ್ತಿತ್ತು. ಮೂವತ್ತೇ ಅಲ್ವಾ, ಹೋಗಲಿ ಎಂದೆ. ತಾಗಿತು.

ನಾವಿಬ್ಬರೂ "ಅಯ್ಯೋ" ಎಂದು ಕೂಗಿದ್ದಕ್ಕೆ ನಿನ್ನ ಅಮ್ಮ ಗೋಳಿಬಜೆಯ ಜಾಲರಿ ಹಿಡಿದುಕೊಂಡೇ ಒಳಗಿನಿಂದ ಬಂದರು. "ಯಾರು ಹೋದದ್ದು?" ಡೋರ್ಕಸ್ ಎಂದೆ. "ಪಾಪ. ಯಾವ ಇಗರ್ಜಿಯವನು?"

ಇದನ್ನು ಬರೆಯುವಾಗ ಒಬ್ಬನೇ ನಗುತ್ತಿದ್ದೇನೆ. ಮಗಳು ನೋಡುತ್ತಿದ್ದಾಳೆ.

ಆ ಆಟದ ಬಗ್ಗೆ ನನಗೆ ತುಂಬ ತಡವಾಗಿ ತಿಳಿದದ್ದು ಒಂದುಂಟು. ಕಂಪ್ಯೂಟರ್ ಮೋಸ ಮಾಡುತ್ತದೆ ಎಂದು ನೀನು ಯಾವಾಗಲೂ ಬೈಯುತ್ತಿದ್ದೆಯಲ್ಲ? ಮಾಡುತ್ತಿತ್ತು. ಆದರೆ ಹೆಚ್ಚಾಗಿ ನಮ್ಮ ಕಡೆಗೆ. ಪೆಟ್ಟು ತಾಗಿತೋ ಇಲ್ಲವೋ ಎಂದು ತೀರ್ಮಾನಿಸಲು, ಚೀಟಿ ಎತ್ತಿದ ಹಾಗೆ ಒಂದು ಸಂಖ್ಯೆ ತೆಗೆಯುವ ಬದಲು ಎರಡು ತೆಗೆದು ಸರಾಸರಿ ಹಾಕುತ್ತಿತ್ತಂತೆ. ಹಾಗಾಗಿ 90 ಎಂದು ತೋರಿಸಿದ್ದು ನಿಜವಾಗಿ 98. ನಮ್ಮವರ ಪೆಟ್ಟು ಸಾಮಾನ್ಯವಾಗಿ ದೊಡ್ಡ ಸಂಖ್ಯೆಯದ್ದು, ಅದು ಇನ್ನೂ ದೊಡ್ಡದಾಗುತ್ತದೆ. ವೈರಿಗಳದ್ದು ಸಣ್ಣದು, ಅದು ಇನ್ನೂ ಸಣ್ಣದಾಗುತ್ತದೆ. ಡೋರ್ಕಸ್ಸನ ಆ 30 ಇತ್ತಲ್ಲ, ಅದು ನಿಜಕ್ಕೂ 18. ಅಷ್ಟು ಕೃಪೆ ತೋರಿದರೂ ಕೊಂದದ್ದು ನಾನು.

ನಾನು ಕೂಡಲೇ ರೀಸೆಟ್ ಒತ್ತಲು ಹೊರಟೆ. ನೀನು ಕೈ ಹಿಡಿದೆ. "ಹೋದವ ಹೋದ." ಅದು ನಿನ್ನ ನಿಯಮ. ಪಕ್ಕದ ಮರದ ಕಪಾಟಿನ ಬಾಗಿಲು ತೆರೆದು, ಒಳಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಬರೆದೆ. ಆಮೇಲೆ ಒಬ್ಬೊಬ್ಬರದೇ ಹೆಸರು ಅದರ ಕೆಳಗೆ ಸೇರಿತು. ನೀನಿಲ್ಲದಾಗ ನಾನು ಎಷ್ಟು ಸಲ ರೀಸೆಟ್ ಮಾಡಿದ್ದೇನೆ ಎಂದು ನಿನಗೆ ಗೊತ್ತಿಲ್ಲ. ಇರಲಿ, ಗೊತ್ತಾಗಲಿ. ಆ ಪಟ್ಟಿಯಲ್ಲಿ ಇರಬೇಕಾದವರು ಇನ್ನೂ ಆರೇಳು ಜನ ಇದ್ದರು.

ಈಗಿನದಕ್ಕೆ ಬರುತ್ತೇನೆ. ಆಟ ಶುರುವಾಗುವ ಮೊದಲೇ ಒಂದು ಪ್ರಶ್ನೆ ಕೇಳುತ್ತದೆ. ಕ್ಲಾಸಿಕ್ಕಾ, ಕ್ಯಾಶುವಲ್ಲಾ? ಕ್ಲಾಸಿಕ್ ಎಂದರೆ ನಿನ್ನ ನಿಯಮ. ಕ್ಯಾಶುವಲ್ ಎಂದರೆ ಬಿದ್ದವರು ಆ ಯುದ್ಧ ಮುಗಿಯುವವರೆಗೆ ಮಾತ್ರ ಇರುವುದಿಲ್ಲ. ಮುಂದಿನದಕ್ಕೆ ಮೈಕೊಡವಿ ಎದ್ದು ಬರುತ್ತಾರೆ. ಈ ಸೌಲಭ್ಯ 2010ರಲ್ಲಿ ಶುರುವಾದದ್ದು. ಸಾಲದ್ದಕ್ಕೆ ತ್ರೀ ಹೌಸಸ್‌ನಲ್ಲಿ ಕಾಲವನ್ನೇ ಹಿಂದಕ್ಕೆ ಸರಿಸುವ ವಿದ್ಯೆ ಬೇರೆ ಉಂಟು. ಒಂದು ಯುದ್ಧಕ್ಕೆ ಇಂತಿಷ್ಟು ಸಲ. ಅಂದರೆ ನನ್ನ ರೀಸೆಟ್ ಬಟನನ್ನು ಅವರೇ ಒಳಗೆ ಇಟ್ಟು, ಅದಕ್ಕೊಬ್ಬಳು ದೇವಿಯನ್ನೂ ಕೊಟ್ಟಿದ್ದಾರೆ.

ನಾನು ಕಣ್ಣು ಮುಚ್ಚಿ ಕ್ಯಾಶುವಲ್ ಒತ್ತಿದೆ. ನಲವತ್ತು ಹತ್ತಿರ ಬಂತು, ಇನ್ನು ಯಾರಿಗೆ ಬೇಕು ಈ ಸಾವಿನ ಲೆಕ್ಕ? ಗೈಡ್ ನೋಡುವುದಿಲ್ಲ, ಲೆಕ್ಕ ಬರೆದಿಡುವುದಿಲ್ಲ, ಯಾರನ್ನು ಯಾವ ವರ್ಗಕ್ಕೆ ಏರಿಸಬೇಕು ಎಂದು ರಾತ್ರಿ ಮೂರರವರೆಗೆ ವಾದ ಮಾಡುವುದಿಲ್ಲ. ಸುಮ್ನೆ ಆಡುವುದು.

ನಿಜವಾಗಿಯೂ ಆರಾಮದ ಆಟ. ನಾವಿಲ್ಲಿ ಮೇಷ್ಟ್ರು. ಗ್ಯಾರೆಗ್ ಮ್ಯಾಕ್ ಎಂಬ ಒಂದು ಮಠ, ಅದರಲ್ಲೊಂದು ಶಾಲೆ, ಶಾಲೆಯಲ್ಲಿ ಮೂರು ಬಣ. ನಾನು ಬ್ಲೂ ಲಯನ್ಸ್ ಆರಿಸಿಕೊಂಡೆ. ತಿಂಗಳಿಗೊಂದು ದೊಡ್ಡ ಯುದ್ಧ. ಉಳಿದ ದಿನ ಪಾಠ ಹೇಳುವುದು, ಮಕ್ಕಳು ಕಳೆದುಕೊಂಡ ವಸ್ತು ಹುಡುಕಿ ಕೊಡುವುದು, ಚಹಾಕ್ಕೆ ಕರೆಯುವುದು. ಇಬ್ಬರನ್ನು ಕರೆದು ಜೊತೆಗೆ ಊಟ ಮಾಡಿಸಿದರೆ ಅವರ ಸ್ನೇಹ ಬೆಳೆಯುತ್ತದೆ. ಇದನ್ನು ಕಂಡುಹಿಡಿದವರಿಗೆ ನಿನ್ನ ಅಮ್ಮನ ಗೋಳಿಬಜೆ ಗೊತ್ತಿರಲಿಕ್ಕಿಲ್ಲ.

ಒಂದು ಕೆರೆಯೂ ಉಂಟು, ಗಾಳ ಹಾಕಲಿಕ್ಕೆ. ನಾನು ಅಲ್ಲೇ ಜಾಸ್ತಿ ಇರುವುದು. ಇಲ್ಲಿ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಮಾರ್ಕೆಟಿನಲ್ಲಿ ಐಸಿನ ಮೀನು, ಅದಕ್ಕೂ ಚಿನ್ನದ ರೇಟು. ಮಠದ ಕೆರೆಯಲ್ಲಿ ಮಾತ್ರ ನಿಷೇಧ ಇಲ್ಲ. ನಿನ್ನೆ ಹನ್ನೊಂದು ಗೋಬಿ ಹಿಡಿದೆ. ಗೋಬಿ ಎಂದರೆ ಅಲ್ಲಿ ಮೀನು, ಮಂಚೂರಿ ಅಲ್ಲ. ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ.

ಇಲ್ಲಿಗೇ ಪತ್ರ ನಿಲ್ಲಿಸಬೇಕು ಎಂದುಕೊಂಡಿದ್ದೆ. ಗೋಬಿಯ ಜೋಕಿನ ಮೇಲೆ ಮುಗಿದಿದ್ದರೆ ಚೆನ್ನಾಗಿತ್ತು.

ಈ ವಾರ ಶುರು ಮಾಡಿದೆ ಎಂದೆನಲ್ಲ, ಅದು ಸುಳ್ಳು. ಈ ವಾರ ಮತ್ತೆ ಕೈಗೆತ್ತಿಕೊಂಡದ್ದು. ಶುರು ಮಾಡಿದ್ದು ಮೇ ಕೊನೆಯ ಶನಿವಾರ, ಬೆಳಿಗ್ಗೆ ಹತ್ತಕ್ಕೆ. ಆ ಶನಿವಾರ ಯಾವುದು ಎಂದು ನಿನಗೆ ಗೊತ್ತುಂಟು. ನೀನು ಮನೆ ಖಾಲಿ ಮಾಡಲು ಬಂದಿದ್ದೆ. ಕಪಾಟು ಎತ್ತಲು ಒಬ್ಬ ಜನ ಬೇಕಿತ್ತು. "ಬರುತ್ತೀಯಾ?" ಎಂದು ನೀನು ಕೇಳಿದೆ. ನಾನು ಆಫೀಸಿನ ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದೇನೆ ಎಂದೆ.

ನಾನು ಮಂಗಳೂರಿನಲ್ಲೇ, ಬಿಜೈಯ ನಮ್ಮ ಮನೆಯಲ್ಲಿದ್ದೆ ಮಾರಾಯ. ಚಡ್ಡಿಯಲ್ಲಿ, ಸೋಫಾದ ಮೇಲೆ. ಹೆಂಡತಿ, ಮಗಳು ಕುಂದಾಪುರಕ್ಕೆ ಹೋಗಿದ್ದರು. ಸ್ಕೂಟರಿನಲ್ಲಿ ಬಂದರೆ ಇಪ್ಪತ್ತು ನಿಮಿಷ. "ಬೆಂಗಳೂರಲ್ಲಿ ಮಳೆ ಉಂಟಾ?" ಎಂದು ನೀನು ಕೇಳಿದ್ದಕ್ಕೆ ಮೊದಲು ಬೆಂಗಳೂರಿನ ಹವಾಮಾನ ನೋಡಿ, ಆಮೇಲೆ ಉತ್ತರ ಕೊಟ್ಟೆ. ಅಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಆ ಮನೆ ಖಾಲಿಯಾಗುವುದನ್ನು ನೋಡುವ ಶಕ್ತಿ ಇರಲಿಲ್ಲ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಬರೆದೂ ಇದ್ದೆ, ಈಗ ಅಳಿಸಿದೆ. ಅದು ಕಾರಣ ಅಲ್ಲ. ಮೂರು ದಿನ ಮನೆಯಲ್ಲಿ ಯಾರೂ ಇಲ್ಲ, ಆರಾಮಾಗಿ ಆಡಬೇಕು ಎಂದಿತ್ತು. ಅಷ್ಟೇ. ಬಂಗುಡೆ ಹೇಗೂ ಮುಂದಿನ ವರ್ಷ ಬರುತ್ತಾನೆ, ಆಗ ಸಿಕ್ಕಿದರಾಯಿತು.

ರಾತ್ರಿ ಹನ್ನೊಂದಕ್ಕೆ ಮೂರನೇ ಚಾಪ್ಟರ್. ಪೂರ್ತಿ ಮಂಜು. ಕೆಲವು ಮನೆ ಆಚೆಗೆ ಏನುಂಟು ಎಂದು ಕಾಣುವುದಿಲ್ಲ. ಮುಂದೆ ಯಾರನ್ನಾದರೂ ಕಳಿಸಿದರೆ ಅಡಗಿದವರು ಹೊರಗೆ ಬರುತ್ತಾರೆ. ನಾನು ಆ್ಯಶ್ ಎಂಬ ಹುಡುಗನನ್ನು ಕಳಿಸಿದೆ. ಬಿಲ್ಲು ಹಿಡಿಯುವ ಹುಡುಗ, ಎರಡು ಪೆಟ್ಟು ತಡೆಯುವವನಲ್ಲ. ಬಿದ್ದರೆ ಬೀಳಲಿ, ಮುಂದಿನ ಚಾಪ್ಟರಿಗೆ ಹೇಗೂ ಬರುತ್ತಾನೆ. ಬಿದ್ದ. ಬಿದ್ದ ಮೇಲೆ ನೆನಪಾಯಿತು. ಆ ಮಂಜಿನ ಆಚೆ ದಂಗೆ ಎದ್ದು ನಿಂತಿರುವ ಲೊನಾಟೊ ಇದ್ದಾನಲ್ಲ, ಅವನು ಇದೇ ಹುಡುಗನನ್ನು ಸಾಕಿದವನು. ಅನಾಥ ಹುಡುಗನನ್ನು ಮನೆಗೆ ಕರೆದು ಮಗನ ಹಾಗೆ ಬೆಳೆಸಿದವನು. ನಾನು ಅವನನ್ನೇ ಆರಿಸಿ ಗಾಳಕ್ಕೆ ಹುಳ ಚುಚ್ಚಿದ ಹಾಗೆ ಮುಂದೆ ಹಾಕಿದ್ದೆ. ಕ್ಲಾಸಿಕ್ ಆಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ನಾಲ್ಕು ಸಲ ಯೋಚಿಸುತ್ತಿದ್ದೆ.

ಆಗಲೇ ನಿನ್ನ ಮೆಸೇಜು. ಕಪಾಟಿನ ಬಾಗಿಲಿನ ಫೋಟೋ. "ಡೋರ್ಕಸ್ ಇನ್ನೂ ಉಂಟು. ನಾಳೆ ಬಾಗಿಲುಗಳನ್ನೆಲ್ಲ ಕೊಂಡುಹೋಗುತ್ತಾರೆ. ನೀನಿದ್ದರೆ ನೋಡಬಹುದಿತ್ತು."

ನಾನು ಹೆಬ್ಬೆರಳಿನ ಚಿತ್ರ ಒತ್ತಿದೆ.

ನಾಳೆ ಎಂದರೆ ಇನ್ನೂ ಒಂದು ಬೆಳಿಗ್ಗೆ ಇತ್ತು. ಆಗಲೂ ಬರಬಹುದಿತ್ತು. ಬಂದರೆ ಬೆಂಗಳೂರಿನಿಂದ ಅಷ್ಟು ಬೇಗ ಹೇಗೆ ಬಂದೆ ಎಂದು ಹೇಳಬೇಕಾಗುತ್ತಿತ್ತು. ರಾತ್ರಿ ಬಸ್ಸು ಹತ್ತಿದೆ ಎಂದು ಹೇಳಲೂ ಬಹುದಿತ್ತು, ಅಷ್ಟು ಸುಳ್ಳು ಬರುವವನಿಗೆ ಇನ್ನೊಂದು ಕಷ್ಟ ಆಗುತ್ತಿರಲಿಲ್ಲ. ಬರಲಿಲ್ಲ. ಸ್ವಿಚ್ ಮುಚ್ಚಿ ಕಪಾಟಿನ ಮೇಲಿಟ್ಟೆ, ಈ ವಾರದವರೆಗೆ ಮುಟ್ಟಲಿಲ್ಲ.

ನಿನ್ನನ್ನೂ ನಾನು ಎಷ್ಟೋ ವರ್ಷದಿಂದ ಕ್ಯಾಶುವಲ್‌ನಲ್ಲೇ ಆಡುತ್ತಿದ್ದೇನೆ. ಬಿಡು, ಇದನ್ನು ಇಷ್ಟು ಜನರ ಎದುರು ಇನ್ನೂ ಉದ್ದ ಮಾಡುವುದಿಲ್ಲ.

ಜೂನ್ ಎರಡನೇ ವಾರ ಒಬ್ಬನೇ ಬೋಳಾರಕ್ಕೆ ಹೋಗಿದ್ದೆ. ಸುತ್ತ ನೀಲಿ ತಗಡು. ಬಾವಿಗೆ ಹಲಗೆ ಮುಚ್ಚಿದ್ದಾರೆ. ಮೆಟ್ಟಿಲು ಎಲ್ಲಿತ್ತು ಎಂದು ಗೊತ್ತಾಗಲಿಲ್ಲ. ಹೆಂಚು ಮಾತ್ರ ಒಂದು ಮೂಲೆಯಲ್ಲಿ ಒಪ್ಪವಾಗಿ ಜೋಡಿಸಿಟ್ಟಿದ್ದರು, ಮಾರಲಿಕ್ಕೆ. ವಾಚ್‌ಮ್ಯಾನ್ ಹತ್ತಿರ ಒಂದು ಕೊಡುತ್ತೀರಾ ಎಂದು ಕೇಳಿದೆ. ಎಂತಕ್ಕೆ ಎಂದು ಕೇಳಿದ. ಹೂವಿನ ಕುಂಡದ ಅಡಿಗೆ ಎಂದೆ. ನೋಡು, ಸುಳ್ಳು ಈಗ ಎಷ್ಟು ಸಲೀಸಾಗಿ ಬರುತ್ತದೆ. ಮಗುಚಿ ನೋಡಿದರೆ ಬಾಸೆಲ್ ಮಿಷನ್, 1865 ಎಂದು ಅಚ್ಚು ಉಂಟು. ಅದು ಅವರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ನಿಮ್ಮ ಮನೆ ಅಷ್ಟು ಹಳೆಯದಲ್ಲ. ಆದರೂ ಜೆಪ್ಪುವಿನಿಂದ ಬೋಳಾರಕ್ಕೆ ಬಂದ ಹೆಂಚು ನೂರು ವರ್ಷವಾದರೂ ಮಳೆ ತಡೆದಿರಬೇಕು. ಕೊನೆಗೆ ಬಿಜೈಯ ಮೂರನೇ ಮಹಡಿಗೆ, ನನ್ನ ಬ್ಯಾಗಿನೊಳಗೆ ಕೂತು ಹೋಯಿತು.

ಅದನ್ನು ಮೇಜಿನ ಮೇಲೆ, ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದೆ. ಮೊನ್ನೆ ನೋಡಿದರೆ ಹೆಂಡತಿ ಅದರ ಮೇಲೆ ಬಿಸಿ ಸಾರಿನ ಪಾತ್ರೆ ಇಟ್ಟಿದ್ದಾಳೆ. ಒಳ್ಳೆಯದುಂಟು, ಮೇಜು ಸುಡುವುದಿಲ್ಲ ಎಂದಳು. ನನಗೆ ಎಂತ ಹೇಳಬೇಕೋ ತಿಳಿಯಲಿಲ್ಲ. ಸಾರು ಚೆನ್ನಾಗಿತ್ತು.

ಆಟ ಇನ್ನೂ ಕ್ಯಾಶುವಲ್‌ನಲ್ಲೇ ಉಂಟು. ಪಶ್ಚಾತ್ತಾಪ ಪಟ್ಟು ಕ್ಲಾಸಿಕ್‌ನಲ್ಲಿ ಮೊದಲಿನಿಂದ ಶುರು ಮಾಡಿದೆ ಎಂದು ಬರೆದರೆ ನೀನು ನಂಬುವುದಿಲ್ಲ, ನನ್ನ ಬುದ್ಧಿ ನಿನಗೆ ಗೊತ್ತುಂಟಲ್ಲ. ಆ್ಯಶ್‌ನನ್ನು ಮಾತ್ರ ಈಗ ಹಿಂದೆ ಇಟ್ಟುಕೊಳ್ಳುತ್ತೇನೆ. ವಾರಕ್ಕೆ ಎರಡು ಸಲ ಊಟಕ್ಕೆ ಕರೆಯುತ್ತೇನೆ. ಹುಡುಗ ದಪ್ಪ ಆಗುವುದಿಲ್ಲ, ಅದೇ ಪುಣ್ಯ.

ಆ ಬಾಗಿಲು ಯಾರು ಕೊಂಡುಹೋದರು? ಯಾರದ್ದೋ ಹೊಸ ಮನೆಯಲ್ಲಿ, ಯಾರದ್ದೋ ಸೀರೆಯ ಹಿಂದೆ, ಡೋರ್ಕಸ್ಸಿನಿಂದ ಹಿಡಿದು ನಮ್ಮ ಸತ್ತವರೆಲ್ಲ ಸಾಲಾಗಿ ನಿಂತಿರಬಹುದು. ಮನೆಯವರು ಓದಿ ಹೆದರಿ ಜೋಯಿಸರಲ್ಲಿ ಪ್ರಶ್ನೆ ಇಡಿಸದಿದ್ದರೆ ಸಾಕು.

ಬೈಯಲಿಕ್ಕೆ ಫೋನ್ ಮಾಡು. ಎಲ್ಲಿದ್ದೀಯ ಎಂದು ಕೇಳಿದರೆ ಕಿಟಕಿಯ ಹೊರಗೆ ಹಿಡಿದು ಮಳೆ ಕೇಳಿಸುತ್ತೇನೆ. ನಂಬುವುದು ಬಿಡುವುದು ನಿನಗೆ ಬಿಟ್ಟದ್ದು, ಬೆಂಗಳೂರಿನಲ್ಲೂ ಮಳೆ ಉಂಟಂತೆ.

ನಿನ್ನ,
ಕೀಬೋರ್ಡ್ ಹಿಡಿದವ